ಎಚ್ಚರಿಕೆ ಜೀಪಿನ ನೆರಳು

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಮ್ಮೂರ ಸ್ಟಾಪಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದೆವು. ರಸ್ತೆ ಅಗಲ ಮಾಡಲು ಮರ ಕಡಿದ ಮೇಲೆ ಅಲ್ಲಿ ನೆರಳಿಲ್ಲ. ಬಿಸಿಲಿನ ಎಚ್ಚರಿಕೆ ಸಾರುವ ಜೀಪು ಬಂದು ನಿಂತಿತು.

“ಮಧ್ಯಾಹ್ನ ಯಾರೂ ಬಿಸಿಲಿಗೆ ಬರಬೇಡಿ, ನೆರಳಲ್ಲಿರಿ” ಎಂದಿತು ಮೈಕು.

ಪಕ್ಕದ ಮನೆಯ ಶಾರದಕ್ಕನಿಗೆ ಆಗಲೇ ತಲೆ ಸುತ್ತುತ್ತಿತ್ತು. ಅವರನ್ನು ಜೀಪಿನ ನೆರಳಲ್ಲೇ ಕೂರಿಸಿ ನೀರು ಕುಡಿಸಿದೆ. ಮೈಕಿನವರು ಇಳಿದು ಬಂದರು.

“ಅಮ್ಮಾ, ಸ್ವಲ್ಪ ಏಳ್ತೀರಾ? ಮುಂದಿನ ಊರಿಗೂ ಎಚ್ಚರಿಕೆ ಕೊಡ್ಬೇಕು.”

ಶಾರದಕ್ಕ ಕಣ್ಣು ತೆರೆಯದೆಯೇ ಹೇಳಿದರು: “ಬಸ್ ಬರೋ ತನಕ ಇಲ್ಲೇ ಹೇಳ್ತಾ ಇರಿ ಮಾರಾಯ್ರೇ. ನಾವು ಕೇಳ್ತೀವಿ.”

ಅವರು ಶಾರದಕ್ಕನ ಮುಖ ನೋಡಿ ಮತ್ತೆ ಮೈಕು ಹಿಡಿದರು. ಡ್ರೈವರ್ ಎಂಜಿನ್ ಆಫ್ ಮಾಡಿದ. ಬಸ್ ಬರುವವರೆಗೂ ಅದೇ ಮಾತನ್ನು ಮತ್ತೆ ಮತ್ತೆ ಕೇಳಿದೆವು.

ಎಚ್ಚರಿಕೆ ವ್ಯವಸ್ಥೆಯಿಂದ ಜನರಿಗೆ ಪ್ರಯೋಜನವಿಲ್ಲ ಎನ್ನುವವರು ಶಾರದಕ್ಕನನ್ನು ಕೇಳಿ.