ಕಲ್ಲಮ್ಮನ ಹೆಪ್ಪು

ಮೊಸರಿನ ಕಲ್ಲಮ್ಮ ಎಂದರೆ ಭದ್ರಾವತಿಯ ಹಳೇನಗರದಲ್ಲಿ ಗೊತ್ತಿಲ್ಲದವರಿರಲಿಲ್ಲ. ಊರಿಗೆ ಕಬ್ಬಿಣದ ಕಾರ್ಖಾನೆ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಎಮ್ಮೆಗಳನ್ನು ನಂಬಿ, ಮೈದುನ ಕರಿಯಣ್ಣನ ಮನೆಯ ಪಕ್ಕದಲ್ಲೇ ಒಬ್ಬಳೇ ಬದುಕು ಸಾಗಿಸುತ್ತಿದ್ದಳು. ಗಡಿಗೆ ಬೋರಲು ಹಾಕಿದರೂ ಅವಳ ಮೊಸರು ಬೀಳುವುದಿಲ್ಲ ಎನ್ನುತ್ತಿದ್ದರು ಜನ. ಹಾಕಿ ನೋಡಿದವರು ಯಾರೂ ಇಲ್ಲ, ಅದು ಬೇರೆ ಮಾತು.

ಅವಳ ಗತ್ತೆಲ್ಲ ಇದ್ದದ್ದು ಹೆಪ್ಪಿನಲ್ಲಿ. ಹಾಲಿಗೆ ಬಿಡಲು ಒಂದು ಚಮಚ ಮೊಸರು ಬೇಕೆಂದು ಬೀದಿಯ ಹೆಂಗಸರು ಬೆಳಿಗ್ಗೆ ಬಟ್ಟಲು ಹಿಡಿದು ಅವಳ ಜಗಲಿಗೆ ಬರುತ್ತಿದ್ದರು. ಹೆಪ್ಪಿಗೆ ಕಾಸು ಮುಟ್ಟುವಂತಿಲ್ಲ, ದೀಪ ಹಚ್ಚಿದ ಮೇಲೆ ಕೊಡುವಂತಿಲ್ಲ. ಒಂದು ಮನೆಯ ಹೆಪ್ಪು ಬೇಡವೆಂದರೆ ಆ ಮನೆಯ ನಂಟೇ ಬೇಡವೆಂದ ಹಾಗೆ. ಗಂಡನ ಸೂತಕ ಕಳೆದ ಮರುದಿನವೇ ಮತ್ತೆ ಬಂದ ಆ ಬಟ್ಟಲುಗಳೇ ಅವಳ ಬಂಧುಬಳಗ.

ಯೇಸುಸ್ವಾಮಿಯ ಪರಿಚಯವಾದದ್ದು ಶಿವಮೊಗ್ಗದಲ್ಲಿ. ಜ್ವರ ಹಿಡಿದು ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ರೋಗಿಗಳಿಗೆ ಸತ್ಯವೇದ ಓದಿ ಹೇಳುತ್ತಿದ್ದ ಜ್ಞಾನಮ್ಮ ಪಕ್ಕದಲ್ಲಿ ಬಂದು ಕೂತಳು. ಯಾರೂ ಇಲ್ಲದವರ ಜೊತೆ ಕೂರುವ ದೇವರೊಬ್ಬನಿದ್ದಾನೆ ಎಂದಳು. ಆ ಮಾತು ಕಲ್ಲಮ್ಮನ ಎದೆಗೆ ನಾಟಿತು. ಜ್ವರ ಬಿಟ್ಟರೂ ಮಾತು ಬಿಡಲಿಲ್ಲ. ಭಾನುವಾರ ರೈಲು ಹತ್ತಿ ಶಿವಮೊಗ್ಗದ ಚರ್ಚಿಗೆ ಹೋಗತೊಡಗಿದಳು.

ಹೋಗುವುದೇನೋ ಹೋದಳು, ತಲೆಯ ಮೇಲೊಂದು ಗಡಿಗೆ ಹೊತ್ತು ಹೋದಳು. ಕೇಳಿದವರಿಗೆ ಶಿವಮೊಗ್ಗದಲ್ಲಿ ಮೊಸರು ಕೊಳ್ಳುವ ಮನೆಗಳಿವೆ ಎನ್ನುತ್ತಿದ್ದಳು. ಖಾಲಿ ಗಡಿಗೆ ಹಗುರಾಗಿ ಕಂಡೀತೆಂದು ಅದಕ್ಕೆ ನೀರು ತುಂಬಿಸಿಕೊಳ್ಳುತ್ತಿದ್ದಳು. ನೀರು ಹೊತ್ತು ದೇವರ ಬಳಿ ಹೋಗುವ ಈ ಹೆಂಗಸನ್ನು ನೋಡಿ ನಗಬೇಕೋ ಅಳಬೇಕೋ. ಬೀದಿಗೆಲ್ಲ ಯಜಮಾನಿಕೆ ಮಾಡುತ್ತಿದ್ದ ಎದುರುಮನೆಯ ನಂಜಮ್ಮನ ಕಣ್ಣು ತಪ್ಪಿಸುವುದರಲ್ಲೇ ಎರಡು ವರ್ಷ ಕಳೆಯಿತು. ಕಲ್ಲಮ್ಮ ಬೈಗುಳಕ್ಕೆ ಹೆದರುವವಳಲ್ಲ. ಅವಳು ಹೆದರುತ್ತಿದ್ದದ್ದು ಜಗಲಿಗೆ ಒಂದು ಬಟ್ಟಲೂ ಬಾರದ ಬೆಳಗಿಗೆ.

ಒಂದು ಭಾನುವಾರ ಜ್ಞಾನಮ್ಮನನ್ನು ಪಕ್ಕಕ್ಕೆ ಕರೆದಳು. "ಜ್ಞಾನಕ್ಕ, ದೀಕ್ಷಾಸ್ನಾನ ಗುಟ್ಟಾಗಿ ಮಾಡಿಸ್ಕೊಳ್ಳೋಕಾಗಲ್ವಾ? ಜನ ಏನಂತಾರೋ ಅಂತ."

ಜ್ಞಾನಮ್ಮ ಗಡಿಗೆಯ ಮುಚ್ಚಳ ತೆಗೆದು ನೀರು ನೋಡಿ ನಕ್ಕಳು. "ಅಲ್ಲ ಮಾರಾಯ್ತಿ, ದಿನಾ ಹೆಪ್ಪು ಹಾಕೋಳು ನೀನು. ಹೆಪ್ಪು ಬಿದ್ದ ಹಾಲು ಗುಟ್ಟಾಗಿ ಹಾಲಾಗೇ ಇರುತ್ತಾ?"

ಕಲ್ಲಮ್ಮನಿಗೂ ನಗು ಬಂತು. ನಾಚಿಕೆಯೂ ಆಯಿತು. ಸ್ಟೇಷನ್ನಿನ ಬೇಲಿಯ ಬಳಿ ನೀರು ಚೆಲ್ಲಿ, ಬರೀ ಗಡಿಗೆ ಕಂಕುಳಲ್ಲಿಟ್ಟುಕೊಂಡು ರೈಲು ಹತ್ತಿದಳು. "ಸ್ವಾಮಿ, ಹೆದರಿಕೆ ಹೋದ್ಮೇಲೆ ಹೇಳ್ತೀನಿ ಅಂತ ಕಾಯ್ತಾ ಕೂತಿದ್ದೆ. ಇನ್ನು ಹೆದರ್ಕೊಂಡೇ ಹೇಳ್ತೀನಿ, ನೀನು ಪಕ್ಕದಲ್ಲಿರು" ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಮರುದಿನ ಬೆಳಿಗ್ಗೆ ಬಟ್ಟಲುಗಳು ಬಂದವು. ಕಲ್ಲಮ್ಮ ಸೌಟು ಹಿಡಿದು ನಿಂತಳು.

"ಹೆಪ್ಪು ತಗೊಳ್ಳೋ ಮುಂಚೆ ಒಂದು ಮಾತು ಕೇಳಿ. ಆಮೇಲೆ ಮೋಸ ಮಾಡಿದ್ಲು ಅನ್ನಬಾರದು. ನಾನು ಯೇಸುಸ್ವಾಮಿನ ನಂಬಿದ್ದೀನಿ. ಬರೋ ಭಾನುವಾರ ದೀಕ್ಷಾಸ್ನಾನ ತಗೋತೀನಿ."

ಮೊದಲು ಬಟ್ಟಲು ಹಿಂದೆಗೆದವಳು ನಂಜಮ್ಮ. "ಕುಲ ಬಿಟ್ಟೋಳ ಹೆಪ್ಪು ನಮಗೆ ಬೇಡ. ನಡೀರೇ" ಎಂದಳು. ಜಗಲಿ ಬರಿದಾಯಿತು.

ಪಕ್ಕದ ಜಗಲಿಯಿಂದ ಕರಿಯಣ್ಣ ಎದ್ದು ಬಂದ. "ಅತ್ತಿಗೆ, ಆ ಮಾತು ವಾಪಸ್ ತಗೊಳ್ಳಿ. ನಾನು ಎಲ್ಲಾ ಸರಿ ಮಾಡ್ತೀನಿ."

"ತಗೊಳ್ಳೋಕೆ ಬರಲ್ಲ ಕರಿಯಣ್ಣ. ಹೆಪ್ಪು ಬಿದ್ದಾಗಿದೆ."

ಅವತ್ತಿನಿಂದ ಅವನೂ ಮಾತು ಬಿಟ್ಟ. ಕಲ್ಲಮ್ಮ ಒಳಗೆ ಹೋಗಿ ಮನಸಾರೆ ಅತ್ತಳು. ಅತ್ತು ಮುಗಿದಾಗ, ಇಷ್ಟು ದಿನ ಹೆದರಿದ್ದು ಇದಕ್ಕೇನಾ ಎನಿಸಿತು. ನೋವು ಬೇಕಾದಷ್ಟಿತ್ತು, ನಡುಕ ಇರಲಿಲ್ಲ. ದೀಕ್ಷಾಸ್ನಾನದ ಭಾನುವಾರ ಗಡಿಗೆಯಿಲ್ಲದ ಬರಿದಲೆಯಲ್ಲಿ, ನಡುಬೀದಿಯಲ್ಲಿ ನಡೆದು ರೈಲಿಗೆ ಹೋದಳು. ಬೀದಿ ಬೇಡವೆಂದ ಮೊಸರನ್ನು ಕಾರ್ಖಾನೆ ಲೈನಿನ ಮನೆಗಳಲ್ಲಿದ್ದ ತಮಿಳರು, ತೆಲುಗರು ಕೊಂಡರು.

ಪುಷ್ಯದ ಚಳಿಯಲ್ಲಿ ನಂಜಮ್ಮನ ಮನೆಯ ಮೊಸರು ಲೋಳೆಯಾಯಿತು. ಈಗ ಬೀದಿಯವರೆಲ್ಲ ಹೆಪ್ಪು ಒಯ್ಯುತ್ತಿದ್ದದ್ದು ಅವಳ ಮನೆಯಿಂದಲೇ, ಹಾಗಾಗಿ ಲೋಳೆಯೂ ಮನೆಮನೆಗೆ ಹಂಚಿಹೋಯಿತು. ಮರುದಿನ ನಂಜಮ್ಮನ ಅಳಿಯ ಬರುವವನಿದ್ದ. ದೀಪ ಹಚ್ಚಿದ ಮೇಲೆ ಕಲ್ಲಮ್ಮನ ಹಿತ್ತಿಲ ಬಾಗಿಲು ಸದ್ದಾಯಿತು. ನೋಡಿದರೆ ನಂಜಮ್ಮ, ಸೆರಗಿನೊಳಗೆ ಬಟ್ಟಲು.

"ಯಾರಿಗೂ ಹೇಳಬೇಡ ಕಲ್ಲಮ್ಮ. ನನ್ನ ಏನಂತಾರೋ."

ಕಲ್ಲಮ್ಮನಿಗೆ ಆ ದನಿ ಚೆನ್ನಾಗಿ ಗೊತ್ತಿತ್ತು. ಅದು ತನ್ನದೇ ಹಳೆಯ ದನಿ. ಗೆದ್ದೆನೆಂಬ ಖುಷಿ ಆಗಲಿಲ್ಲ, ಅಯ್ಯೋ ಪಾಪ ಎನಿಸಿತು. ದೀಪದ ಹೊತ್ತು ಎನ್ನದೆ ಬಟ್ಟಲು ತುಂಬಿಸಿ ಕೊಟ್ಟಳು. ನಂಜಮ್ಮ ಅದನ್ನು ಮತ್ತೆ ಸೆರಗಿಗೆ ಸೇರಿಸಿಕೊಂಡು ಹಿತ್ತಿಲ ಕಡೆ ತಿರುಗಿದಳು.

"ನಂಜಕ್ಕ, ಎರಡು ವರ್ಷ ನೀರಿನ ಗಡಿಗೆ ಹೊತ್ತೋಳು ನಾನು. ಮುಚ್ಕೊಂಡು ಹೋಗೋದು ಬಲು ಭಾರ. ಮುಂಬಾಗಿಲು ತೆಗೆದೇ ಇದೆ."

ನಂಜಮ್ಮ ಹಿತ್ತಿಲ ಬಾಗಿಲಿನಿಂದ ಹಿಂದಿರುಗಿ ಬಂದಳು. ಆಮೇಲೆ ಸೆರಗು ಸರಿಸಿ, ಬಟ್ಟಲನ್ನು ಕೈಯಲ್ಲಿ ಹಿಡಿದು ಮುಂಬಾಗಿಲಿನಿಂದಲೇ ಬೀದಿಗಿಳಿದಳು. ಪಕ್ಕದ ಜಗಲಿಯಲ್ಲಿ ಕೂತಿದ್ದ ಕರಿಯಣ್ಣ ಆ ಬಟ್ಟಲನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಕಲ್ಲಮ್ಮನನ್ನು ನೋಡಿದ.

"ಅತ್ತಿಗೆ, ನಮ್ಮನೇ ಬಟ್ಟಲೂ ತರ್ಲಾ?" ಎಂದ.