ಲಿಯೋನಾ ಕಟ್ಟಿದ ಕಿತ್ತಳೆ ದಾರ

ಬೆಳಗಿನ ಐದು ಗಂಟೆ. ಕಪೆಲ್ ಕಣಿವೆಯ ರಸ್ತೆ ಬದಿ ಟ್ರ್ಯಾಕ್ಟರ್ ನಿಲ್ಲಿಸಿ ಲಿಯೋನಾ ಬ್ಲಾಂಡೋ ಬೇಲಿಗೊರಗಿ ಚಹಾ ಕುಡಿಯುತ್ತಿದ್ದಾರೆ. ನೆಲದ ಹುಲ್ಲಲ್ಲೇ ಗೂಡು ಕಟ್ಟುವ ಬಾಬೊಲಿಂಕ್ ಜಾತಿಯ, ಬಿಳಿ ಬೆನ್ನಿನ ಗಂಡು ಹಕ್ಕಿ ಹಾಡುತ್ತಾ ಮೇಲೇಳುತ್ತದೆ. ಅವರು ತಿರುಗಿಯೂ ನೋಡದೆ, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ:

"ಅವನ ಹಾಡು ಕೇಳ್ತಾ ನಿಂತ್ರೆ ಕೆಲ್ಸ ಕೆಟ್ಟಂಗೇ. ಅವನ ಹೆಂಡ್ತಿ ಎಲ್ಲಿ ಇಳೀತಾಳೆ ನೋಡು. ಗೂಡಿನ ಹತ್ರ ಇಳಿಯಲ್ಲ ಕಣಮ್ಮ, ಹತ್ತು ಹೆಜ್ಜೆ ಆಚೆ ಇಳಿದು ಹುಲ್ಲೊಳಗೇ ನಡ್ಕೊಂಡು ಹೋಗ್ತಾಳೆ. ನಾನು ಅತ್ತೆ ಕಣ್ತಪ್ಪಿಸಿ ಕುಣಿಯೋಕೆ ಹೋಗ್ತಿದ್ನಲ್ಲ, ಹಂಗೆ!"

ರಸ್ತೆ ಬದಿಯ ಹುಲ್ಲು ಕತ್ತರಿಸುವುದು ಅರವತ್ತೊಂದರ ಲಿಯೋನಾ ಅವರ ಕೆಲಸ. ಇಪ್ಪತ್ತಾರು ವರ್ಷವಾಯಿತು. ಮೊದಲ ವರ್ಷವೇ ಮರಿಗಳಿದ್ದ ಗೂಡೊಂದು ಬ್ಲೇಡಿಗೆ ಸಿಕ್ಕಿತು. ಅಂದಿನಿಂದ ಕತ್ತರಿಸುವ ಮುನ್ನ ದಿನಕ್ಕೆ ಎಂಟು ಕಿಲೋಮೀಟರ್ ನಡೆದು ನೋಡುತ್ತಾರೆ. ಗೂಡಿದ್ದಲ್ಲಿ ಬೇಲಿಗೆ, ಒಣಹುಲ್ಲಿನ ಕಟ್ಟು ಬಿಗಿಯುವ ಕಿತ್ತಳೆ ಬಣ್ಣದ ದಾರ ಕಟ್ಟುತ್ತಾರೆ. ದಾರ ಕಂಡಲ್ಲಿ ಬ್ಲೇಡ್ ಎತ್ತಿ ಮುಂದೆ ಹೋಗುತ್ತಾರೆ. ಮೊಣಕಾಲು ಸವೆದಿದೆ. ಅಲ್ಲಲ್ಲಿ ಹುಲ್ಲು ಬಿಡುವ ಸೋಮಾರಿ ಎಂದು ವರ್ಷವೂ ಅವರ ಮೇಲೆ ದೂರು ಹೋಗುತ್ತದೆ.

ಈ ಏಪ್ರಿಲ್‌ನಲ್ಲಿ ಪ್ರವಾಸಿ ಕಚೇರಿಯ ಇಬ್ಬರು ಅವರ ಮನೆಗೆ ಬಂದರು. ಕಣಿವೆಯಲ್ಲಿ ಹಕ್ಕಿ ನೋಡಲು ಒಳ್ಳೆಯ ಜಾಗಗಳ ಕೈಪಿಡಿ ಮಾಡುತ್ತೇವೆ ಎಂದರು. ಲಿಯೋನಾ ಹಿಗ್ಗಿಹೋದರು. ಅಷ್ಟು ವರ್ಷ ಯಾರೂ ಕೇಳದ್ದನ್ನು ಯಾರೋ ಕೇಳಿದ್ದರು. ಬಿಸಿ ಬ್ಯಾನಕ್ ರೊಟ್ಟಿ ಮುಂದಿಟ್ಟು, ಪೆಲಿಕನ್ನುಗಳು ಮೀನು ಹಿಡಿಯುವ ಕೆರೆ, ಗೂಬೆಯ ಪೊಟರೆ ಎಲ್ಲ ಹೇಳಿದರು. ದಾರದ ಗುಟ್ಟನ್ನೂ ಹೇಳಿಬಿಟ್ಟರು.

ಕೈಪಿಡಿಯಲ್ಲಿ ಅವರ ಹೆಸರಿಲ್ಲ. ಆದರೆ ಒಂಬತ್ತನೇ ಪುಟದಲ್ಲಿ ದಪ್ಪಕ್ಷರದ ಸಾಲೊಂದಿದೆ: 'ಬೇಲಿಯಲ್ಲಿ ಕಿತ್ತಳೆ ದಾರ ಕಂಡರೆ ಅದರ ಬುಡದಲ್ಲೇ ಗೂಡು ಹುಡುಕಿ.'

ಅಚ್ಚು ಹಾಕಿದವರಿಗೆ ನಾಚಿಕೆಯಾಗಬೇಕು. ಜೂನ್ ಎರಡನೇ ವಾರ ಕಾರುಗಳು ಸಾಲುಗಟ್ಟಿದವು. ಇಪ್ಪತ್ತಮೂರು ಗೂಡುಗಳಲ್ಲಿ ಹನ್ನೊಂದು ಬೂಟುಗಾಲಿಗೆ ಸಿಕ್ಕಿ ಹೋದವು. ನಾನು ಕಚೇರಿಗೆ ಫೋನ್ ಮಾಡಿದೆ. "ಜನಕ್ಕೆ ಹಕ್ಕಿ ಮೇಲೆ ಆಸಕ್ತಿ ಬಂತಲ್ಲ, ಖುಷಿಪಡಿ ಮೇಡಂ" ಎಂದರು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತಿದೆ.

ಲಿಯೋನಾ ಅವರ ಸಿಟ್ಟು ಬೇರೆ ಥರದ್ದು. "ಅವ್ರನ್ನ ಬೈಯೋದು ಆಮೇಲೆ. ದಾರ ಕಟ್ಟಿದ್ದು ಈ ಕೈ, ಹೊಗಳಿಸ್ಕೊಳ್ಳೋ ಆಸೆಗೆ ಗುಟ್ಟು ಬಿಟ್ಟುಕೊಟ್ಟಿದ್ದು ಈ ಬಾಯಿ. ಕಾಲ್ತುಳಿತಕ್ಕೆ ಮರಿ ಸತ್ತು ಬಿದ್ದಿತ್ತು, ಅದರ ತಾಯಿ ಇನ್ನೂ ಹುಳ ಕಚ್ಕೊಂಡು ಸುತ್ತಾ ಓಡಾಡ್ತಿದ್ಲು."

ನಾವು ಮಾತಾಡುತ್ತಿರುವಾಗಲೇ ಕಾರೊಂದು ನಿಲ್ಲುತ್ತದೆ. ಕೊರಳಿಗೆ ದುರ್ಬೀನು ಹಾಕಿಕೊಂಡವನೊಬ್ಬ ದಾರ ಕಂಡು ಓಡುತ್ತಾನೆ, ಹುಲ್ಲಲ್ಲಿ ಮಂಡಿಯೂರುತ್ತಾನೆ. ನಾನು ಕೂಗಲು ಹೊರಟರೆ ಲಿಯೋನಾ ನನ್ನ ಕೈ ಹಿಡಿಯುತ್ತಾರೆ.

"ಬಿಡು, ಹುಡುಕ್ಲಿ. ಅಲ್ಲಿರೋದು ಮುಳ್ಳುಗಿಡ, ಸೊಳ್ಳೆ. ಹೋದ ವಾರ ಒಂದು ಉಂಡೆ ದಾರ ಪೂರ್ತಿ ಖರ್ಚು ಮಾಡಿದೀನಿ. ಎಲ್ಲಾ ಕಡೆ ದಾರ ಇದೆ, ಗೂಡಿರೋ ಕಡೆ ಬಿಟ್ಟು."

ಉಳಿದ ಹನ್ನೆರಡು? ಅವರು ಬೆರಳಿನಿಂದ ತಮ್ಮ ತಲೆ ಮುಟ್ಟಿ ತೋರಿಸುತ್ತಾರೆ. "ಇಲ್ಲಿವೆ. ಮರಿ ಹಾರೋವರೆಗೂ ಇದೊಂದು ಕೆಡದಿದ್ರೆ ಸಾಕು."

ಟ್ರ್ಯಾಕ್ಟರ್ ಹೊರಡುತ್ತದೆ. ದಾರವೇ ಇಲ್ಲದ ಒಂದು ಕಡೆ ಬ್ಲೇಡ್ ಮೇಲೇಳುತ್ತದೆ, ದಾಟಿ ಇಳಿಯುತ್ತದೆ. ಎಲ್ಲಿ ಎಂದು ನಾನು ಬರೆಯುವುದಿಲ್ಲ.