ಬೀಟೆ ಮರಕ್ಕೆ ಎರಡು ಗೆರೆ

ನಾನು ನಿಂತಿದ್ದು ದೇವರಬನದ ಸುತ್ತುದಾರಿಯಲ್ಲಿ, ಕಲ್ಲುಬೆಂಚಿನಿಂದ ಹತ್ತು ಹೆಜ್ಜೆ ಮುಂದೆ. ಮಧ್ಯಾಹ್ನದ ಊಟವಾಗಿತ್ತು. ಆಗ ನಾನು ನಾಲ್ಕನೇ ಕ್ಲಾಸು.

ಆ ದಿನಗಳಲ್ಲಿ ಜಾವಳಿ ಕಡೆಯ ನಮ್ಮೂರಿನಲ್ಲಿ ಕಾಫಿ ಹೂವಾದಾಗ ಎಲ್ಲರೂ ಸೇರಿ ಬನಕ್ಕೊಂದು ಸುತ್ತು ಬರುತ್ತಿದ್ದರು. ಏರಿಲ್ಲದ ಅರ್ಧ ಗಂಟೆಯ ದಾರಿ. ಮಂಡಿನೋವಿನ ನನ್ನಜ್ಜಿಯೂ ಕೋಲೂರಿಕೊಂಡು ಮುಗಿಸುತ್ತಿದ್ದರು. ಬೆಳಗಿನ ಮಂಜಿನಲ್ಲಿ ದಾರಿ ತಪ್ಪದಿರಲೆಂದು ಹಿಂದಿನ ದಿನ ಮಕ್ಕಳು ಬಲಗಡೆಯ ಮರಗಳಿಗೆ ಸುಣ್ಣದ ಒಂದೊಂದು ಗೆರೆ ಎಳೆಯಬೇಕು. ಬನದ ಒಣಕಡ್ಡಿಯನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಮರಕ್ಕೆ ಗುರುತು ಹಾಕುವ ಸಲುಗೆ ಇದ್ದದ್ದು ಸುಣ್ಣ ಹಚ್ಚುವ ಮಕ್ಕಳಿಗೆ ಮಾತ್ರ.

ಆ ವರ್ಷ ಆ ಕೆಲಸ ನನ್ನದು. ಪಕ್ಕದ ಮನೆಯ ಸರೋಜ ಸುಣ್ಣದ ಚಿಪ್ಪು ಹಿಡಿದಿದ್ದಳು. ಅಜ್ಜಿ ಬೆಂಚಿನ ಮೇಲೆ ಕೂತು ನಮಗೆ ಬೆಲ್ಲ, ಕೊಬ್ಬರಿ ಕೊಡುತ್ತಿದ್ದರು. ಅಷ್ಟರಲ್ಲಿ ಚಿಕ್ಕಪ್ಪ ಬಂದರು. ನನಗೆ ಸೈಕಲ್ ಕಲಿಸಿದವರು ಅವರೇ.

"ಪುಟ್ಟಿ, ಎಡಗಡೆ ಬೀಟೆ ಮರ ಇದಾವಲ್ಲ, ಅವಕ್ಕೆ ಎರಡೆರಡು ಗೆರೆ ಎಳಿ."

"ಎಡಗಡೆ ಎಳಿಯಲ್ವಲ್ಲ ಚಿಕ್ಕಪ್ಪ?"

"ಅಜ್ಜಿಗೆ ಒರಗಿ ನಿಲ್ಲಕ್ಕೆ ಗಟ್ಟಿ ಮರ ಬೇಡ್ವಾ ಮಾರಾಯ್ತಿ?"

ಅಜ್ಜಿ ನಕ್ಕರು. "ನನ್ನ ಮಂಡಿ ಇವತ್ತು ನೆನಪಾಯ್ತೇನೋ ನಿಂಗೆ?"

ಏಳು ಮರ. ಚಿಕ್ಕಪ್ಪ ಬೆರಳು ಮಾಡಿದ್ದಕ್ಕೆಲ್ಲ ಎಳೆದೆ. ಮರುದಿನ ಊರೆಲ್ಲ ಆ ಮರಗಳನ್ನು ದಾಟಿಕೊಂಡೇ ನಡೆಯಿತು. ಸುಣ್ಣ ಕಂಡರೆ ಸುತ್ತಿನದೇ ಅಂದುಕೊಳ್ಳುವ ಊರು ಅದು, ಯಾರೂ ಕೇಳಲಿಲ್ಲ. ಅಜ್ಜಿ ಏಳಕ್ಕೂ ಒರಗಿ ನಿಂತರು. ಅವರ ಸೆರಗಿಗೆ ಸುಣ್ಣ ಹತ್ತಿತ್ತು.

ಎಂಟು ದಿನದ ಮೇಲೆ ನಾವು ಊರಿನವರೆಲ್ಲ ಹೊರನಾಡಿನ ದೇವಸ್ಥಾನಕ್ಕೆ ಹೋಗಿ ಒಂದು ರಾತ್ರಿ ಉಳಿದು ಬಂದೆವು. ಚಿಕ್ಕಪ್ಪ ಬಂದಿರಲಿಲ್ಲ. ಬನದಲ್ಲಿ ಏಳು ಬುಡಗಳಿದ್ದವು. ಗರಗಸದ ಹೊಟ್ಟಿನ ಸಿಹಿ ವಾಸನೆ. ಸುಣ್ಣ ಹತ್ತಿದ ತೊಗಟೆಯ ಚೂರುಗಳು ನೆಲದಲ್ಲಿ ಬಿದ್ದಿದ್ದವು. ಪಟೇಲರು ಒಂದನ್ನು ಎತ್ತಿ ಹಿಡಿದರು.

"ಎರಡು ಗೆರೆ ಇದ್ದ ಮರ ಮಾತ್ರ ಹೋಗಿದೆ. ಎಳ್ದೋರು ಯಾರು?"

ನಾನು ಚಿಕ್ಕಪ್ಪನ ಮುಖ ನೋಡಿದೆ. ಅವರು ಬಗ್ಗಿ, ಮೆತ್ತಗೆ ಕೇಳಿದರು. "ಯಾಕೆ ಪುಟ್ಟಿ ಹಂಗೆ ಮಾಡ್ದೆ?"

ನಾನು ಅಜ್ಜಿಯ ಕಡೆ ತಿರುಗಿದೆ. ಅವರು ಮಗನನ್ನೊಮ್ಮೆ ನೋಡಿ, ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ತಿಳಿಯದ ಮಗು ಪಟೇಲ್ರೇ. ಬಿಟ್ಬಿಡಿ."

ನನ್ನನ್ನು ಯಾರೂ ಬೈಯಲಿಲ್ಲ. ಮುಂದಿನ ವರ್ಷ ಸುಣ್ಣದ ಚಿಪ್ಪು ಬೇರೆ ಮನೆಗೆ ಹೋಯಿತು. ಅಜ್ಜಿ ಮತ್ತೆ ಸುತ್ತಿಗೆ ಬರಲಿಲ್ಲ. ಮಂಡಿ ಆಗುವುದಿಲ್ಲ ಎಂದರು.

ಈಗ ಊರಿನವರು ಸುತ್ತು ಬರುವುದಿಲ್ಲ. ಚಿಕ್ಕಪ್ಪನ ಹೋಂಸ್ಟೇಯ ಬೋರ್ಡು ಬನದ ಬಾಯಲ್ಲಿದೆ: ಎಲ್ಲ ವಯಸ್ಸಿನವರಿಗೂ ಸುಲಭವಾದ ಸುತ್ತು ನಡಿಗೆ. ದಾರಿಯುದ್ದಕ್ಕೂ ಬಾಣದ ಗುರುತಿನ ಕಂಬಗಳಿವೆ. ಕಳೆದ ತಿಂಗಳು ಹೋದಾಗ ಎಡಗಡೆಯ ಆಕಾಶ ಇನ್ನೂ ತೆರೆದೇ ಇತ್ತು. ಒಂದು ಬುಡದ ಮೇಲೆ ಪ್ರವಾಸಿ ಹೆಂಗಸೊಬ್ಬರು ಕೂತಿದ್ದರು. "ಕೂರೋಕೆ ಒಳ್ಳೆ ಅನುಕೂಲ ಮಾಡಿದಾರೆ" ಎಂದು ಜಾಗ ಬಿಟ್ಟರು. ನಾನು ಕೂರಲಿಲ್ಲ.

ಬೀಟೆ ಮರಕ್ಕೆ ಗೆರೆ ಎಳೆಯಲು ಹೇಳಿದ್ದು ಯಾರೆಂದು ಗೊತ್ತಿದ್ದವರು ನಾಲ್ವರು. ಅಜ್ಜಿ ಈಗಿಲ್ಲ. ಸರೋಜ ಆಲ್ದೂರಿನಲ್ಲಿ ಬಟ್ಟೆ ಹೊಲಿಯುತ್ತಾಳೆ. "ಚಿಪ್ಪು ಹಿಡಿದಿದ್ದು ನಾನೇ ಅಲ್ವೇನೇ, ಮರೀತೀನಾ?" ಎನ್ನುತ್ತಾಳೆ. ನಾನಿದ್ದೇನೆ. ಚಿಕ್ಕಪ್ಪನೂ ಇದ್ದಾರೆ.